ಮೂಡುಗೋಡೆಯ ಹಲ್ಲಿ

"ಕಾಣ್, ಇವತ್ತೂ ಹೇಳ್ಲಿಲ್ಲೆ" ಎಂದರು ಮೂಕಾಂಬಮ್ಮ.

ಬಾಯೊಳಗಿನ ಎಲೆಯಡಿಕೆಯ ಕವಳವನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ದಾಟಿಸಿ, ಚಾವಡಿಯ ಮೂಡು ದಿಕ್ಕಿನ ಹಲಗೆಗೋಡೆಯ ಕಡೆ ಇನ್ನೊಮ್ಮೆ ಕಿವಿ ಕೊಟ್ಟರು. ಮೇಲೆ ಫ್ಯಾನು ತಿರುಗುತ್ತಿತ್ತು, ಗೋಡೆಯ ಮೇಲೆ ಕ್ಯಾಲೆಂಡರಿನ ಹಾಳೆ ಪಟಪಟ ಎನ್ನುತ್ತಿತ್ತು. ಹಲ್ಲಿ ಮಾತ್ರ ಲೊಚಗುಟ್ಟಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಕಮಲಾಕ್ಷ ತಾಯಿಯ ಮುಖ ನೋಡಿದ, ಗೋಡೆ ನೋಡಿದ, ಆಮೇಲೆ ಒಲೆಯ ಮೇಲೆ ಏನೋ ಸೀಯುತ್ತಿದೆ ಎಂಬಂತೆ ಒಳಗೆ ಓಡಿದ. ಒಲೆಯ ಮೇಲೆ ಏನೂ ಇರಲಿಲ್ಲ.

ಕಮಲಾಕ್ಷನ ವಿಷಯ ಮೊದಲು ಹೇಳಬೇಕು. ಇತ್ತ ಬ್ರಹ್ಮಾವರ, ಅತ್ತ ವಂಡ್ಸೆಯವರೆಗೆ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಛತ್ರ ಸಿಗುತ್ತದೋ ಎಂದು ಕೇಳುವ ಮೊದಲು ಚಿತ್ರಪಾಡಿಯ ಕಮಲಾಕ್ಷ ಆ ದಿನ ಪುರುಸೊತ್ತಿದ್ದಾನೋ ಎಂದು ಕೇಳುತ್ತಿದ್ದರು. ಅವನ ಹುಳಿ ಉಂಡವರು ಮದುಮಕ್ಕಳ ಹೆಸರು ಮರೆತರೂ ಹುಳಿಯನ್ನು ಮರೆಯುತ್ತಿರಲಿಲ್ಲ. ಅಂಥವನಿಗೆ ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅಡುಗೆ ಮಾಡುವ ಗಂಡು ಬೇಡ ಎಂದವರಿದ್ದರು, ಹಳ್ಳಿಮನೆ ಬೇಡ ಎಂದವರಿದ್ದರು, ಜಾತಕ ತೆಗೆದುಕೊಂಡು ಹೋಗಿ ಉಪ್ಪಿನಕಾಯಿ ಹಾಕಿದವರೂ ಇದ್ದರು. ಊರಿನ ಮಂದಿಗೆಲ್ಲ ಮದುವೆ ಊಟ ಬಡಿಸಿದವನು ತನ್ನ ಮದುವೆಯ ಮಾತು ಬಂದರೆ ಹಂಡೆ ತೊಳೆಯಲು ಎದ್ದು ಹೋಗುತ್ತಿದ್ದ.

ಹೀಗಿರುವಾಗ ಬೈಂದೂರಿನ ಒಂದು ಮದುವೆಯಲ್ಲಿ ಮದುಮಗಳ ರವಿಕೆ ಬಿಗಿಯಾಯಿತು. ಅದನ್ನು ಸರಿ ಮಾಡಲು ಸೂಜಿ ನೂಲು ಹಿಡಿದು ಓಡಿ ಬಂದವಳು ಸ್ವರ್ಣಲತಾ. ಬೈಂದೂರು ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಕೆಲಸ ಮುಗಿಸಿ ಅವಳು ಉಣ್ಣಲು ಕೂತದ್ದು ಕಡೆಯ ಪಂಕ್ತಿಯಲ್ಲಿ. ಬಡಿಸುವವರು ಆಗಲೇ ಸೊಂಟಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ಕೂತಾಗಿತ್ತು. "ಇನ್ನೊಂದ್ ಸೌಟ್ ಹುಳಿ ಸಿಕ್ಕುಗಾ?" ಎಂದು ಅವಳು ಕೇಳಿದ್ದು ಒಳಗಿದ್ದ ಕಮಲಾಕ್ಷನ ಕಿವಿಗೆ ಬಿತ್ತು. ಬಾಣಲೆ ಬಿಟ್ಟು ಎಂದೂ ಹೊರಗೆ ಕಾಲಿಡದವನು ಅವತ್ತು ತಾನೇ ಬಂದು ಬಡಿಸಿದ, ಒಂದು ಸೌಟಲ್ಲ, ಬಾಳೆಲೆಯ ಆಚೆ ಹರಿಯುವಷ್ಟು. ಗಂಡ ತೀರಿಹೋಗಿ ಕೆಲವು ವರ್ಷವಾಯಿತು ಎಂಬುದನ್ನು ಅವಳು ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ ಹೇಳಿದ್ದಳು. ಅದನ್ನು ಮನೆಯಲ್ಲಿ ಹೇಳುವುದಕ್ಕೆ ಮಾತ್ರ ಕಮಲಾಕ್ಷನಿಗೆ ಒಂದು ಮಳೆಗಾಲ, ಒಂದು ಬೇಸಿಗೆ ಬೇಕಾಯಿತು.

ಹೇಳಿದ ಮೇಲೆ ಮೂಕಾಂಬಮ್ಮ ಬೈಯಲಿಲ್ಲ, ಹರಸಲೂ ಇಲ್ಲ.

"ನಂದ್ ಎಂತ ಅಡ್ಡಿ ಇಲ್ಲೆ. ಹಾಂಗಂತ ಒಪ್ದೆ ಅಂತೂ ಹೇಳುದಿಲ್ಲೆ. ಆದಿತ್ಯವಾರ ಅವ್ರ್ ಬರ್ಲಿ. ಹಲ್ಲಿ ಹೇಳ್ತ್ ಅಂದ್ರ್ ಆಯ್ತ್, ಇಲ್ದಿರ್ ಊಟ ಹಾಕಿ ಮರ್ಯಾದಿಂದ ಕಳ್ಸುದ್" ಎಂದರು.

ಆ ಮನೆಯಲ್ಲಿ ಅದು ಕಡೆಯ ಮಾತು. ಮೂಕಾಂಬಮ್ಮನ ದೊಡ್ಡ ಮಗ ಮಧುಸೂದನ ದೇವಸ್ಥಾನದಲ್ಲಿ ದೇವರಿಗೇ ಕೈಯಾರೆ ಹೂ ಕೊಯ್ದು ಕೊಡುವವನು. ಅವನೂ ತಾಯಿಯ ಎದುರು "ಅಮ್ಮ ಹೇಳ್ದಾಂಗೆ" ಎನ್ನುವುದನ್ನು ಬಿಟ್ಟು ಬೇರೆ ಮಾತು ಕಲಿತಿರಲಿಲ್ಲ. ಅಮ್ಮ ಹೇಳುವುದೋ ಹಲ್ಲಿ ಹೇಳಿದ ಹಾಗೆ. ಯಾವುದಾದರೂ ಮಾತು ಆಡಿದ ಹೊತ್ತಿಗೆ ಮೂಡುಗೋಡೆಯ ಹಲ್ಲಿ ಲೊಚಗುಟ್ಟಿದರೆ ಅವರು ಬೆರಳ ಗೆಣ್ಣಿನಿಂದ ನೆಲವನ್ನು ಮೂರು ಸಲ ಕುಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದರು. ಆಮೇಲೆ ಅದನ್ನು ಅಲ್ಲಗಳೆಯಲು ಯಾರಿಗೂ ಬಾಯಿಲ್ಲ. ಹಿಂದೆಲ್ಲ ಹಲ್ಲಿ ತಿಂಗಳಿಗೊಮ್ಮೆ ಮಾತಾಡಿದರೆ ಹೆಚ್ಚು. ಕಳೆದ ದೀಪಾವಳಿಯಿಂದ ಈಚೆಗೆ ಅದಕ್ಕೆ ಏನಾಯಿತೋ, ದಿನಕ್ಕೆ ಹತ್ತು ಸಲ ಸತ್ಯ ಹೇಳತೊಡಗಿತು. ಮೂಕಾಂಬಮ್ಮನ ಸಂಭ್ರಮ ಕೇಳುವುದೇ ಬೇಡ. ನೆರೆಮನೆಯ ನಾಗು ತನ್ನ ಗಬ್ಬದ ದನ ಎಂದು ಕರು ಹಾಕುತ್ತದೆ ಎಂದು ಕೇಳಲು ಇಲ್ಲಿಗೇ ಬರುತ್ತಿದ್ದಳು. ಈಗ ಒಂದು ವಾರದಿಂದ, ಬೇಕಾದ ಹೊತ್ತಿನಲ್ಲಿ, ಆ ಹಲ್ಲಿ ಗಪ್‌ಚಿಪ್.

ಹಲಗೆಗೋಡೆಯ ಆಚೆ ಬದಿಯ ಸಣ್ಣ ಕೋಣೆಯಲ್ಲಿ ಮಧುಸೂದನನ ಮಗಳು ಶ್ರಾವ್ಯ ಕೂತಿದ್ದಳು. ಕುಂದಾಪುರದ ಒಂದು ಸ್ಟುಡಿಯೊಗೆ ಮನೆಯಿಂದಲೇ ಮದುವೆ ವೀಡಿಯೊ ಎಡಿಟ್ ಮಾಡಿ ಕೊಡುವವಳು. ಒಟ್ಟಿನಲ್ಲಿ ಆ ಮನೆಯ ಚಿಕ್ಕಪ್ಪ ಮತ್ತು ಅಣ್ಣನ ಮಗಳು ಇಬ್ಬರೂ ಕಂಡವರ ಮದುವೆಯಿಂದ ಬದುಕುವವರು. ಅವಳ ಹಳೆಯ ಕಂಪ್ಯೂಟರು ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಮೇಲೆ ಎರಡನೇ ಹರೆಯ ಬಂದಂತೆ ಓಡುತ್ತಿತ್ತು. ಕಳೆದ ದೀಪಾವಳಿಗೆ ಅದಕ್ಕೊಂದು ದೊಡ್ಡ ಹಾರ್ಡ್ ಡಿಸ್ಕ್ ತಂದು ಹಾಕಿ, ಆ ಪೆಟ್ಟಿಗೆಯನ್ನು ಹಲಗೆಗೋಡೆಗೆ ಹೊಡೆದ ಮರದ ಅಟ್ಟಣಿಗೆಯ ಮೇಲೆ ಕೂರಿಸಿದ್ದಳು. ಯುಪಿಎಸ್‌ನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಹಳೆಯ ವಯರಿಂಗಿನ ಮನೆ ಬೇರೆ, ಬಾವಿಯ ಪಂಪು ಓಡುವಾಗ ಕಮಲಾಕ್ಷ ತನ್ನ ದೊಡ್ಡ ಗ್ರೈಂಡರ್ ಹಾಕಿದರೆ ಫ್ಯೂಸು ಹಾರಿ ಅವಳ ಕೆಲಸವೆಲ್ಲ ನೀರಲ್ಲಿ ಹೋಮ. "ಚಿಕ್ಕಯ್ಯ, ಗ್ರೈಂಡರ್ ಹಾಕುಕ್ ಮುಂಚೆ ನಂಗ್ ಒಂದ್ ಮಾತ್ ಹೇಳ್ಕ್" ಎಂದು ಅವಳು ಹೇಳಿ ಹೇಳಿ ಸೋತಿದ್ದಳು. ಉಳಿದಂತೆ ಅವಳ ಕಿವಿಯ ಮೇಲೆ ಸದಾ ಹೆಡ್‌ಫೋನು. ಚಾವಡಿಯಲ್ಲಿ ಯಾರು ಬಂದರು, ಯಾರು ಹೋದರು, ಹಲ್ಲಿ ಏನೆಂದಿತು, ಒಂದೂ ಅವಳಿಗೆ ಕೇಳುತ್ತಿರಲಿಲ್ಲ.

ಹೋದ ವಾರ ಡಿಸ್ಕಿನ ಆರೋಗ್ಯ ನೋಡಲು ಹೋಗಿ ಅವಳು ಬೆಚ್ಚಿಬಿದ್ದಿದ್ದಳು. ಡಿಸ್ಕಿನ ಒಳಗೆ ತಟ್ಟೆಯ ಮೇಲೆ ಓಡಾಡಿ ಓದುವ ಸೂಜಿಯೊಂದಿರುತ್ತದೆ. ಕೆಲಸವಿಲ್ಲದಾಗ ಅದು ಎದ್ದು ತನ್ನ ಗೂಡಿಗೆ ಹೋಗಿ ಕೂರುತ್ತದೆ, ಕೆಲಸ ಬಂದರೆ ಮತ್ತೆ ಇಳಿಯುತ್ತದೆ. ಈ ಸೂಜಿ ಸ್ವಲ್ಪ ಮೈಗಳ್ಳ. ತುಸು ಪುರುಸೊತ್ತು ಸಿಕ್ಕಿತೋ ಇಲ್ಲವೋ, ಗೂಡು ಸೇರಿಬಿಡುತ್ತಿತ್ತು. ಹೀಗೆ ಹತ್ತಿ ಇಳಿದೇ ಡಿಸ್ಕಿನ ಆಯುಸ್ಸು ಸವೆಯುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ತಿಳಿದವರು ಬರೆದಿದ್ದರು. ಅದಕ್ಕೆ ಔಷಧವೂ ಅಲ್ಲೇ ಇತ್ತು. ಕಪ್ಪು ಪರದೆ ತೆರೆದು ಎಚ್‌ಡಿಪಾರ್ಮ್ ಎಂಬ ಆಜ್ಞೆ ಬರೆದು, ಮುಂದೆ ಒಂದು ಸಂಖ್ಯೆ ಕೊಡಬೇಕು. ಸಂಖ್ಯೆ ಸಣ್ಣದಾದರೆ ಡಿಸ್ಕು ಕುಂಭಕರ್ಣ, ದೊಡ್ಡದಾದರೆ ಮದುವೆಮನೆಯ ಅಡುಗೆಯವನ ಹಾಗೆ ಕಣ್ಣು ಮುಚ್ಚುವುದಿಲ್ಲ. ಶ್ರಾವ್ಯ ಎಲ್ಲಕ್ಕಿಂತ ದೊಡ್ಡದನ್ನೇ ಕೊಟ್ಟಳು. ಸೂಜಿ ಗೂಡಿಗೆ ಹೋಗುವುದನ್ನು ನಿಲ್ಲಿಸಿತು, ಅವಳು ನೆಮ್ಮದಿಯಿಂದ ಹೆಡ್‌ಫೋನು ಏರಿಸಿದಳು.

ಗುರುವಾರ ಮಧ್ಯಾಹ್ನ ಸೆಕೆಗೆ ಕಿವಿ ಬೆಂದಂತಾಗಿ ಅದನ್ನು ತೆಗೆದಿಟ್ಟಿದ್ದಳು. ಕೊಡಬೇಕಾದ ಮದುವೆಯೊಂದನ್ನು ಕೊಟ್ಟಾಗಿತ್ತು, ಊಟ ಮಾಡಿ ಬರುವವರೆಗೆ ಡಿಸ್ಕಿಗೂ ವಿಶ್ರಾಂತಿ ಇರಲಿ ಅನಿಸಿತು. ಅದೇ ಆಜ್ಞೆಯ ಮುಂದೆ ಸಣ್ಣ ವೈ ಅಕ್ಷರ ಹಾಕಿದರೆ ಡಿಸ್ಕು ಆ ಕ್ಷಣವೇ ನಿದ್ದೆಗೆ ಜಾರುತ್ತದೆ ಎಂದು ಓದಿದ್ದಳು. ಹಾಕಿ ಎಂಟರ್ ಒತ್ತಿದಳು. ಸೂಜಿ ಗೂಡು ಸೇರಿತು.

ಟಿಕ್.

ಗೋಡೆಯ ಆಚೆ ನೆಲದ ಮೇಲೆ ಗೆಣ್ಣು ಮೂರು ಸಲ ಕುಟ್ಟಿತು. "ಕೃಷ್ಣ ಕೃಷ್ಣ. ಪದ್ಮಾಕ್ಷೀ, ಕೇಂಡ್ಯಾ? ಹಲ್ಲಿ ಬಂತ್ ಕಾಣ್. ಮಾಯಿನ್ ಮಿಡಿ ಈ ಸಲ ಕೆಡುದಿಲ್ಲೆ ಅಂದೆ, ಹೌದ್ ಅಂತ ಹೇಳ್ತ್."

ಶ್ರಾವ್ಯಳ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ಯಾವುದೋ ಒಂದು ವೀಡಿಯೊ ತೆರೆದಳು. ಡಿಸ್ಕು ಮೈ ಮುರಿದು ಎದ್ದು ಗುಯ್ ಎಂದಿತು. ಮತ್ತೆ ಸಣ್ಣ ವೈ, ಮತ್ತೆ ಎಂಟರ್. ಟಿಕ್. ಆಚೆಯಿಂದ ಮೂರು ಗೆಣ್ಣು. ಮರದ ಅಟ್ಟಣಿಗೆ, ಮರದ ಗೋಡೆ, ಒಳಗಿನ ಸಣ್ಣ ಸದ್ದನ್ನು ಚೆಂಡೆಯ ಹಾಗೆ ಹಿಗ್ಗಿಸಿ ಚಾವಡಿಗೆ ಮುಟ್ಟಿಸುತ್ತಿದ್ದವು. ಅವಳಿಗೆ ನಗು ಬಂತು. ಹಾಗಾದರೆ ಎಮ್ಮೆ ಮಾರಿದ್ದಕ್ಕೆ ಸತ್ಯ ಹೇಳಿದ್ದು ಯಾರು? ಬಚ್ಚಲಿಗೆ ಟೈಲ್ಸ್ ಹಾಕಿಸಿದ್ದು ಯಾರ ಮಾತಿನ ಮೇಲೆ? ಅಷ್ಟೇಕೆ, "ಹೆಣ್ಮಕ್ಳಿಗ್ ಸ್ಕೂಟರ್ ಎಂತಕ್" ಎಂದು ಹಠ ಹಿಡಿದ ಅಜ್ಜಿ ಒಂದೇ ಗಳಿಗೆಯಲ್ಲಿ ಕರಗಿ ಅವಳನ್ನು ಶಿರೂರಿನವರೆಗೂ ಹೋಗಗೊಟ್ಟದ್ದು ಇದರಿಂದಲೇ. ತನ್ನ ಸ್ಕೂಟರಿಗೆ ತನ್ನದೇ ಡಿಸ್ಕು ಸಾಕ್ಷಿ ಹೇಳಿತ್ತು. ಮತ್ತು ಚಿಕ್ಕಯ್ಯನ ಮದುವೆಯ ಮಾತು ಎದ್ದ ವಾರವೇ ಆ ಸಾಕ್ಷಿಯ ಬಾಯಿಗೆ ಬೀಗ ಹಾಕಿದವಳೂ ತಾನೇ.

ತಾಯಿಗೆ ಹೇಳದೆ ಇರಲು ಆಗಲಿಲ್ಲ. ಪದ್ಮಾಕ್ಷಿ ಬಸಳೆ ಹೆಚ್ಚುತ್ತಿದ್ದವಳು ಎಲ್ಲವನ್ನೂ ಕೇಳಿ, ಮೆಟ್ಟುಕತ್ತಿಯಿಂದ ಕೈ ತೆಗೆದು, ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಮ್ಮ, ನಗ್ಬೇಡಿ. ಈಗ ಎಂತ ಮಾಡುದ್ ಹೇಳಿ" ಎಂದಳು ಶ್ರಾವ್ಯ.

"ಎಂತ ಮಾಡುದ್ ಅಂದ್ರ್? ಆದಿತ್ಯವಾರ ಅತ್ತಿ ಕೇಂಬತ್ತಿಗೆ ಒಂದ್ಸಲ ಹೇಳ್ಸ್."

"ಅಜ್ಜಿಗ್ ಮೋಸ ಮಾಡ್ದಾಂಗ್ ಆತಿಲ್ಯಾ?"

ಪದ್ಮಾಕ್ಷಿ ಕಣ್ಣೊರೆಸಿಕೊಂಡಳು. "ನನ್ ಮೈದಿನಂಗ್ ಇಷ್ಟ್ ವರ್ಷ ಎಷ್ಟ್ ಮಂದಿ ಆಸಿ ತೋರ್ಸಿ ಕೈ ಕೊಟ್ರ್, ಅದ್ನ ಯಾರೂ ಮೋಸ ಅನ್ಲಿಲ್ಲೆ. ಒಂದ್ ಟಿಕ್ ಅಂದ್ರ್ ಊರ್ ಮುಳ್ಗುದಿಲ್ಲೆ, ಸುಮ್ನಿರ್."

ಆದರೂ ಶ್ರಾವ್ಯಳ ಮನಸ್ಸು ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಅವಳು ಕದ್ದು ಬೆಲ್ಲ ತಿಂದಾಗ "ನಾ ತಿನ್ಲಿಲ್ಲೆ" ಎಂದದ್ದಕ್ಕೆ ಹಲ್ಲಿ ನುಡಿದಿರಲಿಲ್ಲ. ಅಜ್ಜಿ ಬೈಯದೆ ಇನ್ನೊಂದು ತುಂಡು ಕೈಗಿಟ್ಟು "ಈಗ ನಿಜ ಹೇಳ್" ಎಂದಿದ್ದರು. ಅಂಥ ಅಜ್ಜಿಯ ಹಲ್ಲಿಯನ್ನು ಕೀಲುಕುದುರೆ ಮಾಡುವುದು ಹೇಗೆ? ಸಂಜೆ ಕಮಲಾಕ್ಷ ಕೋಣೆಯ ಬಾಗಿಲಿಗೆ ಬಂದು ನಿಂತ. ಎಂದೂ ಆ ಕೋಣೆಗೆ ಬರುವವನಲ್ಲ.

"ಹಲ್ಲಿ ಇವತ್ತ್ ಹೇಳ್ತಂಬ್ರಲೆ, ಮಿಡಿಗೆ?" ಎಂದು ಕೇಳಿದ.

"ಹೌದ್ ಚಿಕ್ಕಯ್ಯ."

"ಮಿಡಿಗೇ ಹೇಳ್ತ್ ಅಂದ್ರ್ ನನ್ ವಿಷ್ಯಕ್ಕೂ ಹೇಳ್ಗಲ್ದಾ?" ಎಂದ. ಹೇಳಿ ತಾನೇ ನಾಚಿದ. ನೂರಾರು ಜನಕ್ಕೆ ಒಬ್ಬನೇ ಪಾಯಸ ಇಳಿಸುವ ಆ ದೊಡ್ಡ ಕೈಗಳು ಬಾಗಿಲ ಚಿಲಕವನ್ನು ಸುಮ್ಮನೆ ಆಡಿಸುತ್ತಿದ್ದವು. ಬೈಂದೂರಿನ ಮದುವೆಯ ವೀಡಿಯೊ ಶ್ರಾವ್ಯಳೇ ಎಡಿಟ್ ಮಾಡಿದ್ದಳು. ಕಡೆಯ ಪಂಕ್ತಿಯ ಮೂಲೆಯಲ್ಲಿ ಸೌಟು ಹಿಡಿದು ನಿಂತ ಚಿಕ್ಕಯ್ಯನ ಮುಖ ಅದರಲ್ಲಿತ್ತು. ಮದುಮಕ್ಕಳಿಗೆ ಕೊಡುವಾಗ ಆ ತುಣುಕನ್ನು ಕತ್ತರಿಸಿ, ತನ್ನ ಹತ್ತಿರ ಇಟ್ಟುಕೊಂಡಿದ್ದಳು. ಅಷ್ಟು ಚಂದ ನಗುವ ಮನುಷ್ಯ ತಮ್ಮ ಮನೆಯಲ್ಲಿದ್ದಾನೆ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

"ಹೇಳತ್ತ್ ಚಿಕ್ಕಯ್ಯ. ನೀವ್ ಹೆದ್ರಬ್ಯಾಡಿ" ಎಂದಳು.

ಆದಿತ್ಯವಾರ ಬಿಸಿಲು ಏರುವ ಮೊದಲೇ ಸ್ವರ್ಣಲತಾ ತನ್ನ ಅಣ್ಣ ಲೀಲಾಧರನ ಜೊತೆ ಬಂದಳು. ತಿಳಿ ಹಸಿರು ಸೀರೆ, ಕೈಯಲ್ಲಿ ಒಂದು ಹಲಸಿನ ಹಪ್ಪಳದ ಕಟ್ಟು. ಕಾಲು ತೊಳೆದು, ಮೂಕಾಂಬಮ್ಮನಿಗೆ ನಮಸ್ಕರಿಸಿ, ಚಾಪೆಯ ಮೇಲೆ ನೆಟ್ಟಗೆ ಕೂತಳು. ಮಧುಸೂದನ ಲೀಲಾಧರನೊಡನೆ ಮಾವಿನ ಫಸಲಿನ ಬಗ್ಗೆ ಮಾತಾಡಿದ. ಪದ್ಮಾಕ್ಷಿ ಬೆಲ್ಲ ನೀರು ತಂದಿಟ್ಟಳು, ಕೈ ತೊಳೆಯುವ ನೀರಿಗೆಂದು ಬಾವಿಯ ಪಂಪು ಹಾಕಿ ಬಂದಳು. ಕಮಲಾಕ್ಷ ಒಮ್ಮೆ ಹೊರಗೆ ಬಂದು "ಬಂದ್ರಾ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆ ಸೇರಿದ. ಶ್ರಾವ್ಯ ತನ್ನ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಕಪ್ಪು ಪರದೆಯ ಮುಂದೆ ಕೂತಳು. ತಾಯಿ ಕೆಮ್ಮಿದಾಗ ಎಂಟರ್ ಒತ್ತುವುದು ಎಂದು ಮಾತಾಗಿತ್ತು.

"ಅಂಗ್ಡಿ ಇತ್ತಂಬ್ರಲೆ. ಮದಿ ಆದ್ರ್ ಎಂತ ಮಾಡ್ತೆ?" ಮೂಕಾಂಬಮ್ಮ ಶುರು ಮಾಡಿದರು.

"ದಿನಾ ಬಸ್ಸಲ್ ಹೋಯ್ ಬತ್ತೆ. ಅಂಗ್ಡಿ ಬಿಡ್ತೆ ಅಂತ ಹೇಳುಕೆ ನಂಗಾತಿಲ್ಲೆ" ಎಂದಳು ಸ್ವರ್ಣಲತಾ. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ.

"ಮೊದ್ಲಿನವ್ರ್ ಹ್ಯಾಂಗಿದ್ದಿದ್ರ್?"

ಲೀಲಾಧರ ಗಂಟಲು ಸರಿಮಾಡಿಕೊಂಡ. ಸ್ವರ್ಣಲತಾ ತಲೆ ಎತ್ತಿದಳು. "ಒಳ್ಳೆಯವ್ರೇ. ಅವ್ರ್ ಫೋಟೋ ಒಂದ್ ನನ್ ಹತ್ರ ಇತ್ತ್. ಅದ್ನ ತೆಗ್ದ್ ಹಾಕಿ ಬತ್ತೆ ಅಂತ ಇವ್ರಿಗೂ ಹೇಳ್ಲಿಲ್ಲೆ, ನಿಮ್ಗೂ ಹೇಳುದಿಲ್ಲೆ. ಸುಳ್ ಹೇಳಿ ಬಪ್ಪುಕೆ ಮನ್ಸಿಲ್ಲೆ."

ಮೂಕಾಂಬಮ್ಮನ ದವಡೆ ಕವಳ ಅಗಿಯುವುದನ್ನು ನಿಲ್ಲಿಸಿತು. ಅವರಿಗೆ ಸಿಟ್ಟು ಬಂತೋ ಮೆಚ್ಚಿಗೆಯಾಯಿತೋ, ಬಾಗಿಲ ಸಂದಿನಲ್ಲಿ ನೋಡುತ್ತಿದ್ದ ಶ್ರಾವ್ಯಳಿಗೆ ಗೊತ್ತಾಗಲಿಲ್ಲ.

"ಮನ್ಷರ್ ಆಡುದ್ ಆಯ್ತ್. ಇನ್ನ್ ಆ ಗೋಡಿಯವ್ನ್ ಎಂತ ಹೇಳ್ತ ಕಾಂಬ" ಎಂದು ಅವರು ಮೂಡು ದಿಕ್ಕಿಗೆ ತಿರುಗಿ ಕೈಮುಗಿದರು. "ಈ ಹೆಣ್ಣ್ ನಮ್ಮನಿಗ್ ಬಂದ್ರ್ ಎರ್ಡೂ ಮನಿಗ್ ಒಳ್ಳೇದ್ ಆತ್ತಾ?"

ಪದ್ಮಾಕ್ಷಿ ಕೆಮ್ಮಿದಳು. ಶ್ರಾವ್ಯ ಎಂಟರ್ ಒತ್ತಿದಳು. ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ದಿನಾ ಕೇಳುವುದೇ, ಆದರೆ ಅವಳು ಅದನ್ನು ಮರೆತೇಬಿಟ್ಟಿದ್ದಳು. ಅಲ್ಲಿ ಅಕ್ಷರ ಒತ್ತಿದರೆ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ, ಕುರುಡು ಲೆಕ್ಕದಲ್ಲಿ ಒತ್ತಬೇಕು. ಒತ್ತಿದಳು. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ತಪ್ಪು. ಪದ್ಮಾಕ್ಷಿ ಇನ್ನೊಮ್ಮೆ ಕೆಮ್ಮಿದಳು, ಈ ಸಲ ಎದೆ ಕಿತ್ತು ಬರುವ ಹಾಗೆ. "ನೀರ್ ಕುಡಿ" ಎಂದ ಮಧುಸೂದನ ಗಾಬರಿಯಿಂದ. ಕ್ಯಾಪ್ಸ್ ಲಾಕ್ ಒತ್ತಿಹೋಗಿತ್ತು ಎಂದು ಶ್ರಾವ್ಯ ಕಂಡುಕೊಳ್ಳುವ ಹೊತ್ತಿಗೆ ಮೂರೂ ಸಲ ಮುಗಿದು ಪರದೆ ಅವಳನ್ನು ಹೊರಗೆ ಹಾಕಿತ್ತು.

ಚಾವಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೂಕಾಂಬಮ್ಮ ಕೈ ಕೆಳಗಿಳಿಸಿದರು. ಅವರ ಮುಖ ಸಣ್ಣದಾಗಿತ್ತು, ಹಲ್ಲಿ ಕೈ ಕೊಟ್ಟದ್ದರಿಂದ ಎಲ್ಲರಿಗಿಂತ ಹೆಚ್ಚು ಅವರಿಗೇ ನೋವಾದಂತೆ ಕಂಡಿತು. ಸ್ವರ್ಣಲತಾ ಯಾರನ್ನೂ ನೋಡದೆ ಸೆರಗನ್ನು ಸರಿಮಾಡಿಕೊಂಡಳು, ಎದ್ದು ಹೊರಡುವವರು ಮಾಡುವ ಹಾಗೆ.

ಒಳಗೆ ಕಮಲಾಕ್ಷನಿಗೆ ಎಲ್ಲವೂ ಕೇಳಿಸಿತ್ತು. ಸಂಕಟವಾದಾಗ ಅವನಿಗೆ ಗೊತ್ತಿದ್ದದ್ದು ಒಂದೇ, ಏನಾದರೂ ಅರೆಯುವುದು. ತೆಂಗಿನ ತುರಿ, ಕೊತ್ತಂಬರಿ, ಮೆಣಸನ್ನು ಗ್ರೈಂಡರಿಗೆ ಸುರಿದು, ಬಂದವರು ಉಂಡಾದರೂ ಹೋಗಲಿ ಎಂದು ಸ್ವಿಚ್ಚು ಒತ್ತಿದ. ಶ್ರಾವ್ಯಳಿಗೆ ಒಂದು ಮಾತು ಹೇಳಬೇಕೆಂಬುದು ಆಗ ನೆನಪಿಗೆ ಬರುವುದುಂಟೆ? ಪಂಪು ಓಡುತ್ತಿತ್ತು. ಫ್ಯೂಸು ಹಾರಿತು. ಫ್ಯಾನು ನಿಧಾನವಾಯಿತು, ಶ್ರಾವ್ಯಳ ಎದುರಿನ ಪರದೆ ಕಪ್ಪಾಯಿತು, ಡಿಸ್ಕಿನ ಸೂಜಿ ಬಿದ್ದೆನೋ ಕೆಟ್ಟೆನೋ ಎಂದು ಹಾರಿ ಗೂಡು ಸೇರಿತು.

ಟಕ್.

ಅಷ್ಟು ಗಟ್ಟಿಯಾಗಿ ಆ ಹಲ್ಲಿ ಎಂದೂ ಹೇಳಿರಲಿಲ್ಲ.

ಮೂಕಾಂಬಮ್ಮ ಗೆಣ್ಣಿನಿಂದ ನೆಲ ಕುಟ್ಟಿದರು. ಒಂದು, ಎರಡು, ಮೂರು. "ಕೃಷ್ಣ ಕೃಷ್ಣ" ಎನ್ನುವಾಗ ಅವರ ದನಿ ಒಡೆಯಿತು. "ಕೇಂಡ್ರಲ್ದಾ ಎಲ್ರೂ? ಇನ್ನ್ ನಂದ್ ಎಂತ ಇಲ್ಲೆ. ಪದ್ಮಾಕ್ಷೀ, ಹೂ ತಕಂಬಾ." ಪದ್ಮಾಕ್ಷಿಯ ಕೆಮ್ಮು ತಕ್ಷಣ ವಾಸಿಯಾಯಿತು. ಅಷ್ಟರಲ್ಲಿ ಕೈತುಂಬ ತೆಂಗಿನ ತುರಿ ಮೆತ್ತಿಕೊಂಡ ಕಮಲಾಕ್ಷ ಬಾಗಿಲಿಗೆ ಬಂದು, "ಫ್ಯೂಸ್ ಹೋಯ್ತ್ ಕಾಣತ್ತ್. ಶ್ರಾವ್ಯ, ನಿನ್ ಕೆಲ್ಸ ಹಾಳಾಯ್ತಾ ಮಗಾ?" ಎಂದು ಕೇಳಿದ. ಲೀಲಾಧರ ಎದ್ದು ಅವನ ತುರಿ ಮೆತ್ತಿದ ಕೈಯನ್ನೇ ಹಿಡಿದು ಕುಲುಕಿದ. ಏನಾಯಿತೆಂದು ಕಮಲಾಕ್ಷನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ನಕ್ಕ ನಗು ವೀಡಿಯೊದಲ್ಲಿ ಇದ್ದದ್ದೇ.

ಶ್ರಾವ್ಯಳ ಅರ್ಧ ದಿನದ ಎಡಿಟಿಂಗು ನಿಜಕ್ಕೂ ಹಾಳಾಗಿತ್ತು. ಅವಳು ಕತ್ತಲೆ ಪರದೆಯ ಮುಂದೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಹಾಗೆಯೇ ಅತ್ತಳು. ತಾನು ಮಾಡಬೇಕೆಂದಿದ್ದ ಮೋಸ ತನ್ನ ಕೈಯಿಂದ ಆಗಲಿಲ್ಲ ಎಂಬುದೇ ಅವಳ ದೊಡ್ಡ ಸಂತೋಷ. ಬಾಗಿಲ ಸಂದಿನಲ್ಲಿ ನೋಡಿದಾಗ ಎಲ್ಲರೂ ಗೋಡೆಯ ಮೇಲೆ ಹಲ್ಲಿಯನ್ನು ಹುಡುಕುತ್ತಿದ್ದರು. ಸ್ವರ್ಣಲತಾ ಒಬ್ಬಳು ಗೋಡೆಯನ್ನು ಬಿಟ್ಟು ಈ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು.

ಮದುವೆ ಹಟ್ಟಿಯಂಗಡಿಯ ದೇವಸ್ಥಾನದಲ್ಲಿ ಸರಳವಾಗಿ ಆಯಿತು. ಧಾರೆಯ ಹೊತ್ತಿಗೆ ಮದುಮಗ ಕಾಣಿಸದೆ ಹುಡುಕಾಟವಾಗಿ, ಕೊನೆಗೆ ಬಾಸಿಂಗ ಕಟ್ಟಿಕೊಂಡೇ ಹುಳಿಗೆ ಉಪ್ಪು ನೋಡುತ್ತಿದ್ದವನನ್ನು ಎಳೆದು ತಂದರು ಎಂದು ಊರಲ್ಲಿ ಹೇಳುತ್ತಾರೆ. ವೀಡಿಯೊ ಶ್ರಾವ್ಯಳೇ ಮಾಡಿದಳು. ಮನೆಗೆ ಹೊಸ ಯುಪಿಎಸ್ಸೂ ಬಂತು, ಕಮಲಾಕ್ಷ ತಾನಾಗಿ ತಂದದ್ದು.

ಒಂದು ತಿಂಗಳಾಗಿತ್ತು. ಅವತ್ತು ಅಂಗಡಿಗೆ ರಜೆ. ಮೊದಲ ಮಳೆ ಬಿದ್ದು ನಿಂತಿತ್ತು. ಸ್ವರ್ಣಲತಾ ಎರಡು ಲೋಟ ಕಾಫಿ ಹಿಡಿದು ಶ್ರಾವ್ಯಳ ಕೋಣೆಗೆ ಬಂದು, ಅಟ್ಟಣಿಗೆಯ ಮೇಲಿನ ಪೆಟ್ಟಿಗೆಯ ಎದುರು ನಿಂತಳು.

"ಹಲ್ಲಿ ಇದ್ರ್ ಒಳ್ಗ್ ಇಪ್ಪುದಲ್ದಾ?" ಎಂದು ಪಿಸುಗುಟ್ಟಿದಳು.

ಶ್ರಾವ್ಯ ಕಾಫಿಯ ಲೋಟವನ್ನು ಕೆಳಗಿಟ್ಟಳು. "ಚಿಕ್ಕಮ್ಮ, ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

"ನನ್ ಅಂಗ್ಡಿ ಸಿಸಿ ಕ್ಯಾಮೆರಾದ್ ಪೆಟ್ಗಿಯೊಳ್ಗೂ ಹೀಂಗೇ ಒಂದ್ ಇತ್ತ್. ಕರೆಂಟ್ ಹೋದ್ರ್ ಸಾಕ್, ಟಕ್ ಅಂತ ಹೇಳತ್ತ್. ಅವತ್ತೇ ಗೊತ್ತಾಯ್ತ್ ನಂಗೆ." ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೇಳಿಬಿಡುವಾ ಅಂತ ಬಾಯಿಗ್ ಬಂದಿತ್ತ್. ಸುಳ್ ಹೇಳುದಿಲ್ಲೆ ಅಂದವ್ಳ್ ನಾನೇ ಅಲ್ದಾ. ಅಷ್ಟೊತ್ತಿಗೆ ಇವ್ರ್ ಕೈಯಲ್ ಕಾಯ್ ತುರಿ ಹಿಡ್ಕಂಡ್ ಬಂದ್ರ್ ಕಾಣ್, ನನ್ ಬಾಯಿ ಕಟ್ಟಿ ಹೋಯ್ತ್."

ಶ್ರಾವ್ಯ ಎಲ್ಲವನ್ನೂ ಹೇಳಿದಳು. ಕೆಮ್ಮು, ಪಾಸ್‌ವರ್ಡು, ಕ್ಯಾಪ್ಸ್ ಲಾಕು. ಇಬ್ಬರೂ ತಲೆದಿಂಬಿಗೆ ಮುಖ ಒತ್ತಿ ನಕ್ಕರು. ಆಮೇಲೆ ಸ್ವರ್ಣಲತಾ "ನಂಗೂ ಒಂದ್ಸಲ ಕಲ್ಸ್ ಕಾಂಬ" ಎಂದಳು. ಶ್ರಾವ್ಯ ಕಪ್ಪು ಪರದೆ ತೆರೆದು ಪಾಸ್‌ವರ್ಡು ಕೊಟ್ಟು, ಆಜ್ಞೆಯನ್ನು ಸಣ್ಣ ವೈ ತನಕ ಬರೆಸಿ, ಅವಳ ಬೆರಳನ್ನು ಎಂಟರಿನ ಮೇಲೆ ಇರಿಸಿದಳು.

ಚಾವಡಿಯಲ್ಲಿ ನಾಗು ಬಂದು ಕೂತದ್ದು ಆಗಲೇ. ಕವಳದ ತಟ್ಟೆ ಎಳೆದುಕೊಂಡ ಸದ್ದು, ಆಮೇಲೆ ಅವಳ ದನಿ.

"ಅಲ್ಲ ಅಮ್ಮ, ಹೆಣ್ಣಿಗ್ ಮೊದ್ಲೇ ಒಂದ್ ಮದಿ ಆಯಿತ್ತಂಬ್ರಲೆ? ಊರಲ್ ಹೇಳ್ತ್ರ್. ನೀವಾರೂ ಹ್ಯಾಂಗ್ ಒಪ್ದ್ರಿ?"

ಕೋಣೆಯಲ್ಲಿ ಸ್ವರ್ಣಲತಾಳ ಮುಖದ ನಗು ಅಲ್ಲಿಗೇ ನಿಂತಿತು. ಗೋಡೆಯ ಆಚೆ ಮೂಕಾಂಬಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು ಎಂದು ಕಾಣುತ್ತದೆ.

"ಆಯಿತ್ತ್. ಆದ್ರ್ ಎಂತ ಈಗ?" ಎಂದರು ಆಮೇಲೆ. "ಅವ್ಳ್ ಬಂದ್ಮೇಲೆ ನನ್ ಮಗ ಹಾಡ್ ಹೇಳ್ಕಂತ ಹಂಡಿ ತೊಳಿತ. ನಂಗ್ ಹೆಣ್ಮಕ್ಳ್ ಇಲ್ಲೆ ಅಂತ ಇದ್ದಿತ್ತ್, ಈಗ ಒಬ್ಳ್ ಇದ್ಲ್. ಈ ಮನಿಗ್ ಇದ್ಕಿಂತ ಒಳ್ಳೇದ್ ಯಾವ್ದೂ ಆಯ್ಲಿಲ್ಲೆ."

"ಒತ್ತಿ, ಚಿಕ್ಕಮ್ಮ. ಈಗ" ಎಂದು ಶ್ರಾವ್ಯ ಪಿಸುಗುಟ್ಟಿದಳು.

ಸ್ವರ್ಣಲತಾ ಒತ್ತಲಿಲ್ಲ. ಬೆರಳನ್ನು ಮೆಲ್ಲಗೆ ಎತ್ತಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಡಿಸ್ಕು ತನ್ನ ಪಾಡಿಗೆ ಗುಯ್‌ಗುಡುತ್ತಿತ್ತು. ಹೊರಗೆ ಮಾಡಿನಿಂದ ಹನಿ ಬೀಳುತ್ತಿತ್ತು. ಹಲ್ಲಿ ಹೇಳಲಿಲ್ಲ.

ಗೋಡೆಯ ಆಚೆ ನೆಲದ ಮೇಲೆ ಗೆಣ್ಣು ಕುಟ್ಟಿತು. ಒಂದು, ಎರಡು, ಮೂರು.

"ಕೃಷ್ಣ ಕೃಷ್ಣ" ಎಂದರು ಮೂಕಾಂಬಮ್ಮ.

"ಹಲ್ಲಿ ಹೇಳ್ತಾ? ನಂಗ್ ಕೇಣ್ಲಿಲ್ಲೆ" ಎಂದಳು ನಾಗು.

"ನಿನ್ ಕೆಮಿ ಹೋಯಿತ್ತ್ ನಾಗು. ಕವಳ ಹಾಕ್."

ಸ್ವರ್ಣಲತಾ ಸೆರಗಿನ ತುದಿಯಿಂದ ಮೊದಲು ಕಣ್ಣನ್ನು, ಆಮೇಲೆ ಅಟ್ಟಣಿಗೆಯ ಮೇಲಿನ ಪೆಟ್ಟಿಗೆಯ ಧೂಳನ್ನು ಒರೆಸಿದಳು. ಕಪ್ಪು ಪರದೆಯಲ್ಲಿ ಸಣ್ಣ ವೈ ಅಕ್ಷರದ ಪಕ್ಕ ಬಿಳಿ ಗೆರೆಯೊಂದು ಕಣ್ಣು ಮಿಟುಕಿಸುತ್ತ ಕಾಯುತ್ತಿತ್ತು.